ಸುದ್ದಿಯ ಬಾಲಕ್ಕೆ ಇಬ್ಬರು ಗುತ್ತಿಗೆದಾರರು: ಟಬೂಲಾ, ಔಟ್‌ಬ್ರೇನ್ ಒಂದಾಗದೇ ಹೋದ ಪ್ರಕರಣ

ಮೊಬೈಲಿನಲ್ಲಿ ಒಂದು ಸುದ್ದಿ ಓದಿ ಮುಗಿಸುತ್ತೀರಿ. ಕೊನೆಯ ಸಾಲಿನ ಕೆಳಗೆ ಇನ್ನೂ ಆರೆಂಟು ಚೌಕಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಒಂದು ಫೋಟೊ, ಒಂದು ಹೆಡ್‌ಲೈನ್. ನೋಡಲು ಥೇಟ್ ಸುದ್ದಿಯೇ. ಒಂದರಲ್ಲಿ ಹೊಟ್ಟೆ ಕರಗಿಸುವ ತರಕಾರಿ, ಇನ್ನೊಂದರಲ್ಲಿ ಹಳೆಯ ನಟಿ ಈಗ ಹೇಗಿದ್ದಾರೆ ಅನ್ನೋ ಕುತೂಹಲ, ಮತ್ತೊಂದರಲ್ಲಿ ಹೊರವಲಯದ ಫ್ಲಾಟ್. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇರುತ್ತದೆ. ಅಮೆರಿಕದವರು ಇದಕ್ಕೆ ‘ಚಂಬಾಕ್ಸ್’ ಎಂಬ ಅಡ್ಡಹೆಸರು ಇಟ್ಟಿದ್ದಾರೆ. ಚಂ ಅಂದರೆ ದೊಡ್ಡ ಮೀನನ್ನು ದೋಣಿಯ ಹತ್ತಿರಕ್ಕೆ ಸೆಳೆಯಲು ಸಮುದ್ರಕ್ಕೆ ಎಸೆಯುವ ಮೀನಿನ ಚೂರುಪಾರು.

ಇದನ್ನೆಲ್ಲ ಯಾರು ಒತ್ತುತ್ತಾರೆ ಅಂತ ಆಶ್ಚರ್ಯಪಡುವವರು ತುಂಬಾ ಜನ. ಒತ್ತುವವರು ಇದ್ದಾರೆ, ಅದರಲ್ಲಿ ಅನುಮಾನ ಬೇಡ. ನನಗೆ ಕುತೂಹಲ ಇರುವುದು ಬೇರೆ ಕಡೆ. ಆ ಜಾಗಕ್ಕೆ ಬಾಡಿಗೆ ಕೊಡುವವರು ಯಾರು, ಎಷ್ಟು ಕೊಡುತ್ತಾರೆ, ನಷ್ಟ ಬಂದರೆ ಯಾರ ತಲೆಗೆ? ಇದು ಅರ್ಥವಾಗಬೇಕಾದರೆ 2019ರ ಅಕ್ಟೋಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ನಡೆದ ಒಂದು ಮದುವೆ ಮಾತುಕತೆಯನ್ನು ನೋಡಬೇಕು. ಈ ವ್ಯಾಪಾರದ ಎರಡು ದೊಡ್ಡ ಕಂಪನಿಗಳು ನಿಶ್ಚಿತಾರ್ಥ ಮಾಡಿಕೊಂಡು, ಹನ್ನೊಂದು ತಿಂಗಳ ಮೇಲೆ ಕೈಬಿಟ್ಟ ಕತೆ ಇದು.

ಇಬ್ಬರು ನೆರೆಹೊರೆಯವರು

ಔಟ್‌ಬ್ರೇನ್ ಶುರುವಾದದ್ದು 2006ರಲ್ಲಿ, ಟಬೂಲಾ 2007ರಲ್ಲಿ. ಎರಡರ ಬೇರೂ ಇಸ್ರೇಲ್‌ನಲ್ಲಿ, ಎರಡರ ಮುಖ್ಯ ಕಚೇರಿಯೂ ನ್ಯೂಯಾರ್ಕ್‌ನಲ್ಲಿ. ಔಟ್‌ಬ್ರೇನ್ ಕಟ್ಟಿದವರು ಯಾರೋನ್ ಗಲಾಯ್ ಮತ್ತು ಓರಿ ಲಹಾವ್. ಗಲಾಯ್ ಇದಕ್ಕೂ ಮುಂಚೆ ಕ್ವಿಗೋ ಎಂಬ ಜಾಹೀರಾತು ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದರು. ಅದನ್ನು 2007ರಲ್ಲಿ ಎಒಎಲ್ ಕೊಂಡುಕೊಂಡಿತು. ಟಬೂಲಾ ಕಟ್ಟಿದವರು ಆಡಮ್ ಸಿಂಗೋಲ್ಡಾ. ಮನೆಯಲ್ಲಿ ಟಿವಿ ಮುಂದೆ ಕೂತಾಗ ನೋಡಲು ಏನೂ ಸಿಗಲಿಲ್ಲ, ಆಗಲೇ ಈ ಆಲೋಚನೆ ಹೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಹಾಗಾಗಿ ಟಬೂಲಾ ಮೊದಲು ಮಾಡುತ್ತಿದ್ದದ್ದು ವಿಡಿಯೊ ಶಿಫಾರಸು. ‘ನೀವು ಹುಡುಕಬೇಕಿಲ್ಲ, ನಿಮಗೆ ಬೇಕಾದ್ದು ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ’ ಅನ್ನುವುದು ಇಬ್ಬರ ಆರಂಭದ ಕನಸೂ ಆಗಿತ್ತು. ಕನಸಿಗೆ ದುಡ್ಡು ಹುಟ್ಟಿದ್ದು ಮಾತ್ರ ಜಾಹೀರಾತಿನಿಂದ.

ಕೆಲಸ ನಡೆಯುವುದು ಹೀಗೆ. ಸುದ್ದಿ ತಾಣದವರು ತಮ್ಮ ಪುಟದಲ್ಲಿ ನೆಟ್‌ವರ್ಕ್, ಅಂದರೆ ಟಬೂಲಾ, ಔಟ್‌ಬ್ರೇನ್‌ನಂಥ ಕಂಪನಿ, ಕೊಟ್ಟ ನಾಲ್ಕು ಸಾಲಿನ ಕೋಡ್ ಹಾಕುತ್ತಾರೆ. ನೀವು ಪುಟ ತೆರೆದ ಕೂಡಲೇ ಅದು ನೆಟ್‌ವರ್ಕ್‌ನ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ: ಇಂಥ ಊರು, ಇಂಥ ಫೋನು, ಇಂಥ ಸುದ್ದಿ ಓದುತ್ತಿದ್ದಾರೆ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆದು ಚೌಕಗಳು ತುಂಬಿಕೊಳ್ಳುತ್ತವೆ.

ಹರಾಜು ಅಂದ ಕೂಡಲೇ ಜಾಸ್ತಿ ಕೂಗಿದವನಿಗೆ ಜಾಗ ಅಂದುಕೊಳ್ಳಬೇಡಿ. ಇಲ್ಲಿ ಜಾಹೀರಾತುದಾರ ದುಡ್ಡು ಕೊಡುವುದು ತೋರಿಸಿದ್ದಕ್ಕಲ್ಲ, ಒತ್ತಿದ್ದಕ್ಕೆ. ಆದ್ದರಿಂದ ನೆಟ್‌ವರ್ಕ್ ಎರಡು ಸಂಖ್ಯೆಗಳನ್ನು ಗುಣಿಸುತ್ತದೆ. ಒಂದು ಕ್ಲಿಕ್ಕಿಗೆ ಎಷ್ಟು ಕೊಡುತ್ತೀರಿ, ಮತ್ತು ಎಷ್ಟು ಜನ ಒತ್ತುವ ಸಾಧ್ಯತೆ ಇದೆ. ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಒಂದು ಒಳ್ಳೆಯ ವಿಮಾ ಕಂಪನಿ ಕ್ಲಿಕ್ಕಿಗೆ 30 ಸೆಂಟ್ ಕೊಡುತ್ತದೆ, ಸಾವಿರ ಸಲ ತೋರಿಸಿದರೆ ಒಬ್ಬರು ಒತ್ತುತ್ತಾರೆ. ಸಿಕ್ಕಿದ್ದು 30 ಸೆಂಟ್. ‘ಈ ನಟಿ ಈಗ ಹೇಗಿದ್ದಾರೆ’ ಅನ್ನುವವನು ಕೊಡುವುದು ಬರೀ 8 ಸೆಂಟ್, ಆದರೆ ಸಾವಿರಕ್ಕೆ ಆರು ಜನ ಒತ್ತುತ್ತಾರೆ. ಸಿಕ್ಕಿದ್ದು 48 ಸೆಂಟ್. ಗೆದ್ದವಳು ನಟಿ! ಪುಟದ ಕೆಳಗೆ ಯಾಕೆ ಇಂಥದ್ದೇ ತುಂಬಿರುತ್ತದೆ ಅಂತ ಕೇಳುವವರಿಗೆ ಉತ್ತರ ಈ ಗುಣಾಕಾರದಲ್ಲಿದೆ. ಯಾರೋ ಕೂತು ಕೆಟ್ಟ ಅಭಿರುಚಿಯಿಂದ ಆರಿಸಿದ್ದಲ್ಲ ಅದು.

ಆ 8 ಸೆಂಟ್‌ನವನು ಯಾರು ಗೊತ್ತೇ? ಎಷ್ಟೋ ಸಲ ಅವನ ಹತ್ತಿರ ಮಾರಲು ಸರಕೇ ಇರುವುದಿಲ್ಲ. ಅವನದೂ ಒಂದು ತಾಣ. ನಟಿಯ ಫೋಟೊ ನೋಡಲು ನೀವು ಮೂವತ್ತು ಪುಟ ‘ಮುಂದೆ, ಮುಂದೆ’ ಅಂತ ಒತ್ತಬೇಕು. ಪುಟಪುಟಕ್ಕೂ ಅವನ ಜಾಹೀರಾತು. 8 ಸೆಂಟ್‌ಗೆ ನಿಮ್ಮನ್ನು ಕೊಂಡು, ನೀವು ಬೇಸತ್ತು ಹೊರಡುವಷ್ಟರಲ್ಲಿ 9 ಸೆಂಟ್ ದುಡಿದರೆ ಅವನಿಗೆ ಲಾಭ. ಕೊಳ್ಳುವುದೂ ಕ್ಲಿಕ್, ಮಾರುವುದೂ ಕ್ಲಿಕ್. ಈ ದಂಧೆಯವರು ಇದನ್ನು ಆರ್ಬಿಟ್ರೇಜ್ ಅನ್ನುತ್ತಾರೆ. ನಮ್ಮ ಎಪಿಎಂಸಿಯಲ್ಲಿ ಬೆಳಿಗ್ಗೆ ಟೊಮೆಟೊ ಲಾಟು ಹಿಡಿದು ಮಧ್ಯಾಹ್ನದೊಳಗೆ ದಾಟಿಸುವವರಿದ್ದಾರಲ್ಲ, ಅದೇ ಬುದ್ಧಿ. ಇಲ್ಲಿ ಟೊಮೆಟೊ ನೀವು.

ನಿಜವಾದ ಸರಕು ಇರುವ ಜಾಹೀರಾತುದಾರನ ಪಾಡು ಬೇರೆ. ಅವನಿಗೆ ಬೇಕಾದ್ದು ಕ್ಲಿಕ್ ಅಲ್ಲ, ಗಿರಾಕಿ. ಸರ್ಚ್‌ನಲ್ಲಿ ಬರುವವನು ‘ಹಿಯರಿಂಗ್ ಏಡ್ ಬೆಲೆ’ ಅಂತ ತಾನೇ ಟೈಪ್ ಮಾಡಿ ಬಂದಿರುತ್ತಾನೆ. ಇಲ್ಲಿ ಸಿಗುವವನು ಕ್ರಿಕೆಟ್ ವರದಿ ಓದಿ ಸುಮ್ನೆ ಬೆರಳಾಡಿಸುತ್ತಿದ್ದವನು. ಅವನನ್ನು ನೇರ ಅಂಗಡಿಗೆ ಕರೆದೊಯ್ದರೆ ಓಡಿಹೋಗುತ್ತಾನೆ. ಅದಕ್ಕೇ ನಡುವೆ ಒಂದು ಲೇಖನದಂಥ ಪುಟ ಇಡುತ್ತಾರೆ: ಕಿವಿ ಕೇಳಿಸದ ತೊಂದರೆ, ಅದರ ಲಕ್ಷಣ, ಆಮೇಲೆ ಮೆಲ್ಲಗೆ ಸರಕು. ಒಂದೇ ಸರಕಿಗೆ ಇಪ್ಪತ್ತು ಫೋಟೊ, ಇಪ್ಪತ್ತು ಹೆಡ್‌ಲೈನ್ ಹಾಕಿ ಯಾವುದು ಓಡುತ್ತದೆ ನೋಡುತ್ತಾರೆ. ಯಾವ ತಾಣದಿಂದ ಬಂದವರು ಕೊಂಡರು, ಯಾವ ತಾಣದವರು ಬರೀ ಇಣುಕಿ ಹೋದರು ಅಂತ ಲೆಕ್ಕ ಇಟ್ಟು, ದಂಡದ ತಾಣಗಳನ್ನು ಒಂದೊಂದಾಗಿ ಬಂದ್ ಮಾಡುತ್ತಾರೆ. ಇಷ್ಟು ತಾಳ್ಮೆ ಇಲ್ಲದವನ ದುಡ್ಡು ವಾರದಲ್ಲಿ ಕರಗುತ್ತದೆ.

ತೋಪಿನ ಗುತ್ತಿಗೆ

ಈಗ ಪಬ್ಲಿಷರ್, ಅಂದರೆ ಸುದ್ದಿ ತಾಣದವರ ಕಡೆಗೆ ಬರೋಣ. ಈ ಪ್ರಕರಣದ ಗಂಟು ಇರುವುದು ಇಲ್ಲೇ.

ಶ್ರೀನಿವಾಸಪುರದ ಕಡೆ ಮಾವಿನ ತೋಪು ಗುತ್ತಿಗೆ ಕೊಡುವುದು ಗೊತ್ತಿದ್ದವರಿಗೆ ಇದು ಬೇಗ ಹತ್ತುತ್ತದೆ. ಹೂವು ಬಿಟ್ಟಾಗಲೇ ವ್ಯಾಪಾರಿ ಬಂದು ತೋಪು ನೋಡಿ ಇಷ್ಟು ಅಂತ ಮಾತಾಡುತ್ತಾನೆ. ಆಮೇಲೆ ಆಲಿಕಲ್ಲು ಬೀಳಲಿ, ಬೆಲೆ ಬೀಳಲಿ, ಅದು ಅವನ ಹಣೆಬರಹ. ರೈತನಿಗೆ ಮಾತಾಡಿದ ದುಡ್ಡು. ನೆಟ್‌ವರ್ಕ್‌ಗಳೂ ದೊಡ್ಡ ಸುದ್ದಿ ತಾಣಗಳ ಜೊತೆ ಹೀಗೇ ಮಾತಾಡುತ್ತವೆ. ಸಾಮಾನ್ಯ ಒಪ್ಪಂದದಲ್ಲಿ ಬಂದ ಆದಾಯದಲ್ಲಿ ಪಾಲು. ದೊಡ್ಡ ತಾಣಗಳಿಗೆ ಅದರ ಮೇಲೆ ಗ್ಯಾರಂಟಿ: ಸಾವಿರ ಪುಟವೀಕ್ಷಣೆಗೆ ಕನಿಷ್ಠ ಇಷ್ಟು ಕೊಟ್ಟೇ ಕೊಡುತ್ತೇವೆ. ಬದಲಿಗೆ ಪುಟದ ಬಾಲ ಕೆಲವು ವರ್ಷಗಳ ಕಾಲ ನಮ್ಮೊಬ್ಬರದೇ.

ಮತ್ತೆ ಕಲ್ಪಿತ ಲೆಕ್ಕ. ಸಾವಿರ ವೀಕ್ಷಣೆಗೆ 1 ಡಾಲರ್ ಗ್ಯಾರಂಟಿ ಅಂತಿಟ್ಟುಕೊಳ್ಳಿ. ನೆಟ್‌ವರ್ಕ್‌ಗೆ 1.20 ಡಾಲರ್ ಬಂತು. ಮೂರರಲ್ಲಿ ಎರಡು ಪಾಲಿನ ಮಾತಾದರೆ ಪಬ್ಲಿಷರ್‌ಗೆ ಸಲ್ಲಬೇಕಾದ್ದು 80 ಸೆಂಟ್. ಉಳಿದ 20 ಸೆಂಟನ್ನು ನೆಟ್‌ವರ್ಕ್ ತನ್ನ ಪಾಲಿನಿಂದ ತುಂಬಿಕೊಡಬೇಕು. ಅದಕ್ಕೆ ಬಂದದ್ದೇ 90 ಸೆಂಟ್ ಆದರೆ ಕೈಯಿಂದ 10 ಸೆಂಟ್ ಹೋಯಿತು.

ಇಷ್ಟು ಅಪಾಯವನ್ನು ಯಾರಾದರೂ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾರೆ? ಪಕ್ಕದವನು ಎಳೆದುಕೊಳ್ಳಲು ಸಿದ್ಧನಿದ್ದಾನಲ್ಲ, ಅದಕ್ಕೆ. ಒಂದು ಪತ್ರಿಕೆಯ ಒಪ್ಪಂದ ಮುಗಿಯುವ ಹೊತ್ತಿಗೆ ಟಬೂಲಾದವರೂ ಬಾಗಿಲಲ್ಲಿ, ಔಟ್‌ಬ್ರೇನ್‌ನವರೂ ಬಾಗಿಲಲ್ಲಿ. ಜಾಹೀರಾತುದಾರರು ಬರುವುದು ಓದುಗರು ಇರುವ ಕಡೆಗೆ. ಓದುಗರು ಇರುವುದು ದೊಡ್ಡ ತಾಣಗಳಲ್ಲಿ. ಹಾಗಾಗಿ ನಷ್ಟವಾದರೂ ದೊಡ್ಡ ತಾಣವನ್ನು ಬಿಟ್ಟುಕೊಡುವ ಹಾಗಿಲ್ಲ.

ಎಷ್ಟು ದುಡ್ಡು ಹಾದುಹೋಗುತ್ತದೆ ಅನ್ನುವುದು ಹೊರಗೆ ಬಂದದ್ದು ಇವರು ಷೇರುಪೇಟೆಗೆ ಹೋಗುವಾಗ. 2020ರಲ್ಲಿ ಟಬೂಲಾದ ಆದಾಯ ಸುಮಾರು 119 ಕೋಟಿ ಡಾಲರ್. ಅದರಲ್ಲಿ ಸುಮಾರು 80 ಕೋಟಿ ಡಾಲರ್ ಪಬ್ಲಿಷರ್‌ಗಳಿಗೆ ಹೋಯಿತು. ಲೆಕ್ಕಪತ್ರದಲ್ಲಿ ಅದರ ಹೆಸರು ‘ಟ್ರಾಫಿಕ್ ಕೊಳ್ಳುವ ವೆಚ್ಚ’. ಟ್ರಾಫಿಕ್ ಅಂದರೆ ತಾಣಕ್ಕೆ ಬರುವ ಓದುಗರು. ಹೆಸರು ನೋಡಿ ಎಷ್ಟು ನೇರವಾಗಿದೆ! ಔಟ್‌ಬ್ರೇನ್‌ಗೆ ಬಂದದ್ದು ಸುಮಾರು 77 ಕೋಟಿ ಡಾಲರ್, ಅದರಲ್ಲಿ ಮುಕ್ಕಾಲು ಭಾಗ ಪಬ್ಲಿಷರ್‌ಗಳಿಗೆ. ಕೊನೆಗೆ ಉಳಿದ ನಿವ್ವಳ ಲಾಭ? ಟಬೂಲಾಗೆ ಸುಮಾರು 85 ಲಕ್ಷ ಡಾಲರ್, ಔಟ್‌ಬ್ರೇನ್‌ಗೆ ಸುಮಾರು 44 ಲಕ್ಷ. ನೂರು ಡಾಲರ್ ಕೈಬದಲಾದರೆ ಒಂದು ಡಾಲರ್ ಕೂಡ ಉಳಿಯಲಿಲ್ಲ. ಚಂಬಾಕ್ಸ್ ಅಂದರೆ ಸುಲಭದ ದುಡ್ಡು ಅಂತ ನಾನೂ ಅಂದುಕೊಂಡಿದ್ದೆ. ಈ ಸಂಖ್ಯೆ ನೋಡಿದ ಮೇಲೆ ಆ ಮಾತು ಬಿಟ್ಟೆ.

ಗುತ್ತಿಗೆಗೆ ಇನ್ನೊಂದು ಮುಖ ಇದೆ. ತೋಪು ಹಿಡಿದವನು ತನ್ನ ಅವಧಿಯೊಳಗೆ ಆದಷ್ಟು ಕಾಯಿ ಇಳಿಸಲು ಮರಕ್ಕೆ ಔಷಧಿ ಸುರಿಯುತ್ತಾನೆ, ಮರ ಸೊರಗುತ್ತದೆ ಅಂತ ರೈತರು ಗೊಣಗುವುದುಂಟು. ಇಲ್ಲೂ ಹಾಗೇ. ಗ್ಯಾರಂಟಿ ದುಡ್ಡು ಹುಟ್ಟಿಸಬೇಕಾದರೆ ಚೌಕಗಳು ಹೆಚ್ಚಬೇಕು. ಆರು ಇದ್ದದ್ದು ಹನ್ನೆರಡಾಯಿತು. 2017ರಲ್ಲಿ ಟಬೂಲಾ ಮುಗಿಯದ ಫೀಡ್ ತಂದಿತು, ಮರುವರ್ಷ ಔಟ್‌ಬ್ರೇನ್ ತನ್ನದನ್ನು ತಂದಿತು. ಉಜ್ಜುತ್ತಾ ಹೋದಷ್ಟೂ ಚೌಕ. ಲೇಬಲ್ ವಿಷಯದಲ್ಲೂ ತಕರಾರು ಮೊದಲಿನಿಂದ ಇತ್ತು. 2014ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರವು ಔಟ್‌ಬ್ರೇನ್ ಚೌಕಗಳು ಜಾಹೀರಾತು ಅನ್ನುವುದು ಓದುಗರಿಗೆ ಸ್ಪಷ್ಟವಾಗುತ್ತಿಲ್ಲ ಎಂದಿತು. ಅದೇ ವರ್ಷ ಅಮೆರಿಕದ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಟಬೂಲಾಗೆ ಲೇಬಲ್ ಎದ್ದು ಕಾಣುವಂತೆ ಮಾಡಲು ಹೇಳಿತು. 2015ರ ಡಿಸೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ‘ನೇಟಿವ್’ ಜಾಹೀರಾತಿನ, ಅಂದರೆ ಸುದ್ದಿಯಂತೆಯೇ ಕಾಣುವ ಜಾಹೀರಾತಿನ ಬಗ್ಗೆ ತನ್ನ ನಿಲುವನ್ನು ಬರೆದೇ ಹೊರಡಿಸಿತು. 2016ರಲ್ಲಿ ಸ್ಲೇಟ್ ಮತ್ತು ನ್ಯೂಯಾರ್ಕರ್ ಪತ್ರಿಕೆಗಳು ಈ ಚೌಕಗಳನ್ನು ತಮ್ಮ ಪುಟದಿಂದ ತೆಗೆದವು. ಮಿಕ್ಕವರು ತೆಗೆಯಲಿಲ್ಲ. ಬ್ಯಾನರ್ ಜಾಹೀರಾತಿನ ದುಡ್ಡು ಏರಿಳಿಯುವಾಗ ತಿಂಗಳಿಗೆ ಇಷ್ಟು ಅಂತ ಖಾತ್ರಿಯಾಗಿ ಬರುವ ಚೆಕ್ಕನ್ನು ಯಾವ ಸಂಪಾದಕ ಬೇಡ ಅಂತಾನೆ? ಅಂದರೂ ಅವನ ಮಾತು ನಡೆಯುವುದು ಅಷ್ಟಕ್ಕಷ್ಟೇ.

ನಿಶ್ಚಿತಾರ್ಥ

2019ರ ಅಕ್ಟೋಬರ್ 3ರಂದು ಇಬ್ಬರೂ ಒಂದಾಗುತ್ತೇವೆ ಎಂದು ಸಾರಿದರು. ಹೆಸರು ಟಬೂಲಾ, ಮುಖ್ಯಸ್ಥ ಸಿಂಗೋಲ್ಡಾ. ಔಟ್‌ಬ್ರೇನ್ ಷೇರುದಾರರಿಗೆ ಹೊಸ ಕಂಪನಿಯಲ್ಲಿ 30 ಪ್ರತಿಶತ ಪಾಲು, ಜೊತೆಗೆ 25 ಕೋಟಿ ಡಾಲರ್ ನಗದು. ಹೇಳಿದ ಕಾರಣ: ಗೂಗಲ್, ಫೇಸ್‌ಬುಕ್ ಜಾಹೀರಾತಿನ ದುಡ್ಡನ್ನೆಲ್ಲ ಬಾಚಿಕೊಳ್ಳುತ್ತಿವೆ, ತೆರೆದ ಅಂತರ್ಜಾಲಕ್ಕೆ ಒಬ್ಬ ಗಟ್ಟಿ ಆಳು ಬೇಕು.

ಜಾಹೀರಾತುದಾರರ ಕಡೆಯಿಂದ ನೋಡಿದರೆ ಇದರಲ್ಲಿ ಹುರುಳಿತ್ತು. ಎರಡು ಕಡೆ ಖಾತೆ, ಎರಡು ಕಡೆ ಬಜೆಟ್, ಎರಡು ಕಡೆ ಆ ಇಪ್ಪತ್ತು ಹೆಡ್‌ಲೈನಿನ ಪರೀಕ್ಷೆ ತಪ್ಪುತ್ತಿತ್ತು. ಪಬ್ಲಿಷರ್‌ಗೂ ಒಂದು ಆಸೆ ಇತ್ತು. ಜಾಹೀರಾತುದಾರರು ಒಂದೇ ಕಡೆ ಸೇರಿದರೆ ಹರಾಜು ಬಿಸಿಯೇರುತ್ತದೆ, ಗಿಟ್ಟುವ ದರ ಏರುತ್ತದೆ.

ಆದರೆ ತೋಪಿನ ಲೆಕ್ಕ ಮರೆಯಬೇಡಿ. ಊರಿಗೆ ಬರುತ್ತಿದ್ದ ಇಬ್ಬರು ವ್ಯಾಪಾರಿಗಳು ಬೀಗರಾದರೆ ರೈತನ ಗತಿ ಏನು? ಮಾರುಕಟ್ಟೆಯಲ್ಲಿ ಮಾವಿನ ದರ ಏರಬಹುದು. ತೋಪಿಗೆ ಕೊಡುವ ದುಡ್ಡು ಏರಲೇಬೇಕು ಅಂತಿಲ್ಲವಲ್ಲ. ಗ್ಯಾರಂಟಿ ಬಂದದ್ದು ನೆಟ್‌ವರ್ಕ್‌ನ ಧಾರಾಳತನದಿಂದ ಅಲ್ಲ, ಪಕ್ಕದವನ ಭಯದಿಂದ. ಭಯ ಹೋದರೆ ಗ್ಯಾರಂಟಿಯೂ ಹೋಗುತ್ತದೆ. ಅದೂ ಯಾರನ್ನೂ ದೂರುವಂತಿಲ್ಲದ ರೀತಿಯಲ್ಲಿ, ಒಂದೊಂದೇ ಒಪ್ಪಂದ ನವೀಕರಣಕ್ಕೆ ಬಂದಾಗ ಸದ್ದಿಲ್ಲದೆ.

ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರದ ಕಣ್ಣು ಬಿದ್ದದ್ದೂ ಇಲ್ಲೇ. ಈ ಬಗೆಯ ಶಿಫಾರಸು ಚೌಕಗಳಲ್ಲಿ ಇವರಿಬ್ಬರೇ ದೊಡ್ಡವರು, ಒಬ್ಬರಿಗೊಬ್ಬರು ಹತ್ತಿರದ ಪೈಪೋಟಿಗಾರರು, ಸೇರಿದರೆ ಸುದ್ದಿ ತಾಣಗಳಿಗೆ ಸಿಗುವುದು ಕುಗ್ಗಬಹುದು ಅನ್ನುವ ಆತಂಕದಿಂದ 2020ರ ಮಧ್ಯದಲ್ಲಿ ಅದು ಪ್ರಕರಣವನ್ನು ಎರಡನೇ ಹಂತದ ಆಳವಾದ ತನಿಖೆಗೆ ಒಪ್ಪಿಸಿತು. ಅಮೆರಿಕದ ನ್ಯಾಯ ಇಲಾಖೆ ಮಾತ್ರ ಜುಲೈನಲ್ಲಿ ತನ್ನ ತನಿಖೆಯನ್ನು ಷರತ್ತಿಲ್ಲದೆ ಮುಗಿಸಿ ದಾರಿ ಬಿಟ್ಟಿತು. ಒಂದೇ ಮದುವೆ, ಎರಡು ಸರ್ಕಾರ, ಎರಡು ನೋಟ. ಅಂತರ್ಜಾಲದ ಜಾಹೀರಾತೆಲ್ಲ ಒಂದೇ ಸಂತೆ ಅಂದುಕೊಂಡರೆ ಗೂಗಲ್, ಫೇಸ್‌ಬುಕ್ ಎದುರು ಇವರು ಚಿಲ್ಲರೆ ಅಂಗಡಿ. ಲೇಖನದ ಕೆಳಗಿನ ಜಾಗವೇ ಬೇರೆ ಸಂತೆ ಅಂದುಕೊಂಡರೆ ಇಡೀ ಸಂತೆಯೇ ಇವರದು. ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ನನ್ನ ಮಟ್ಟಿಗೆ ಬ್ರಿಟನ್ ಗೆರೆ ಸರಿ. ಯಾಕೆಂದರೆ ಗೂಗಲ್‌ನವರು ಯಾರೂ ಪತ್ರಿಕೆಯ ಬಾಗಿಲಿಗೆ ಬಂದು ಆ ಬಾಲದ ಜಾಗಕ್ಕೆ ಗ್ಯಾರಂಟಿ ಕೂಗುತ್ತಿರಲಿಲ್ಲ.

ಮದುವೆ ಮುರಿದದ್ದು

ಈ ನಡುವೆ ಕೊರೊನಾ ಬಂತು. ಗ್ಯಾರಂಟಿ ಕೊಟ್ಟವರಿಗೆ ಇದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಮನೆಯಲ್ಲಿ ಕೂತ ಜನ ದಿನಕ್ಕೆ ಹತ್ತು ಸಲ ಸುದ್ದಿ ತೆರೆದು ನೋಡುತ್ತಿದ್ದರು. ಪ್ರವಾಸ, ಅಂಗಡಿ ಮುಂತಾದ ಜಾಹೀರಾತುದಾರರು ಬಜೆಟ್ಟಿಗೆ ಕತ್ತರಿ ಹಾಕಿದ್ದರು. ಗ್ಯಾರಂಟಿ ಇರುವುದು ಪುಟವೀಕ್ಷಣೆಯ ಲೆಕ್ಕದಲ್ಲಿ. ವೀಕ್ಷಣೆ ಹೆಚ್ಚಿದಷ್ಟೂ ಕೊಡಬೇಕಾದ್ದು ಹೆಚ್ಚು, ಬರುವುದು ಮಾತ್ರ ಕಮ್ಮಿ. ಸುದ್ದಿಗೆ ಸುಗ್ಗಿ, ಗುತ್ತಿಗೆದಾರನಿಗೆ ಬರ.

2019ರ ಅಕ್ಟೋಬರ್‌ನ ಹವಾಮಾನದಲ್ಲಿ ಮಾತಾಡಿದ 25 ಕೋಟಿ ಡಾಲರ್ ನಗದು 2020ರ ಬಿಸಿಲಿಗೆ ಬೇರೆಯದೇ ಭಾರವಾಗಿ ಕಂಡಿರಬೇಕು. ಷರತ್ತುಗಳನ್ನು ಮತ್ತೆ ಮಾತಾಡಿದರೂ ಹೊಂದಿಕೆಯಾಗಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಸೆಪ್ಟೆಂಬರ್‌ನಲ್ಲಿ ಒಪ್ಪಂದ ಬಿದ್ದುಹೋಯಿತು. ಬ್ರಿಟನ್ನಿನ ತನಿಖೆ ಮುಗಿಯುವವರೆಗೂ ಕಾಯಲಿಲ್ಲ. ಹಾಗಾಗಿ ನಿಯಂತ್ರಕರು ತಡೆದರು ಅಂತ ಪೂರ್ತಿ ಹೇಳುವಂತಿಲ್ಲ. ತಡ ಮಾಡಿದರು, ಆ ತಡದಲ್ಲಿ ಲೆಕ್ಕ ಬದಲಾಯಿತು.

ಆಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದು ಒಂದೇ ಪೇಟೆಗೆ ಬಂದರು. 2021ರ ಜೂನ್ ಕೊನೆಗೆ ಟಬೂಲಾ ಒಂದು ಸ್ಪ್ಯಾಕ್ (ಬೇರೆ ಕಂಪನಿಯನ್ನು ಸೇರಿಸಿಕೊಳ್ಳಲೆಂದೇ ಮೊದಲು ಷೇರುಪೇಟೆಗೆ ಇಳಿದ ಖಾಲಿ ಕಂಪನಿ) ಜೊತೆ ಸೇರಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ, ಜುಲೈನಲ್ಲಿ ಔಟ್‌ಬ್ರೇನ್ 20 ಡಾಲರ್ ದರದಲ್ಲಿ ಅದೇ ನಾಸ್ಡಾಕ್‌ಗೆ. 2022ರ ಕೊನೆಗೆ ಎರಡೂ ಷೇರು 5 ಡಾಲರ್‌ಗಿಂತ ಕೆಳಗೆ. ಪೈಪೋಟಿ ಉಳಿದದ್ದು ಪಬ್ಲಿಷರ್‌ಗೆ ಒಳ್ಳೆಯದಾಯಿತು, ಷೇರುದಾರನಿಗಲ್ಲ.

ಹಾಗಾದರೆ ಪಾಠ ಕಲಿತವರು ಯಾರು? ಟಬೂಲಾ ಕಲಿತಂತೆ ಕಾಣುತ್ತದೆ. ವರ್ಷ ವರ್ಷ ತೋಪು ತೋಪಿಗೆ ಅಲೆಯುವ ಬದಲು 2022ರ ನವೆಂಬರ್‌ನಲ್ಲಿ ಯಾಹೂ ಜೊತೆ 30 ವರ್ಷದ ಒಪ್ಪಂದ ಮಾಡಿಕೊಂಡಿತು. ಬದಲಿಗೆ ತನ್ನ ಕಂಪನಿಯಲ್ಲೇ ಸುಮಾರು ಕಾಲು ಪಾಲು ಯಾಹೂಗೆ ಕೊಟ್ಟಿತು. ಅಂದರೆ ತೋಪಿನ ಧಣಿಯನ್ನೇ ಪಾಲುದಾರ ಮಾಡಿಕೊಂಡ ಹಾಗೆ. ಮೂವತ್ತು ವರ್ಷ! ಇಪ್ಪತ್ತು ವರ್ಷವೂ ತುಂಬದ ಕಂಪನಿಯ ಒಪ್ಪಂದ ಇದು.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ದಾರಿ ಹಿಡಿದವರಿದ್ದಾರೆ. ಟೈಮ್ಸ್ ಇಂಟರ್ನೆಟ್ ತನ್ನದೇ ‘ಕೊಲಂಬಿಯಾ’ ಎಂಬ ನೆಟ್‌ವರ್ಕ್ ಕಟ್ಟಿಕೊಂಡಿತು. ಕನ್ನಡದ ವಿಜಯ ಕರ್ನಾಟಕ ತಾಣವೂ ಅದೇ ಬಳಗದ್ದು. ತೋಪೂ ತನ್ನದೇ, ಮಂಡಿಯೂ ತನ್ನದೇ. ಅಷ್ಟು ತಾಣ, ಅಷ್ಟು ಓದುಗರು ಇದ್ದವರಿಗೆ ಮಾತ್ರ ಅದು ಕೈಗೂಡುವುದು. ಒಂಟಿ ಕನ್ನಡ ತಾಣ ನಡೆಸುವವರಿಗೆ ಗುತ್ತಿಗೆದಾರನೇ ಗತಿ. ಅವರಿಗೆ ಗ್ಯಾರಂಟಿಯ ಮಾತು ಬರುವುದು ಅಪರೂಪ, ಬರೀ ಪಾಲು. ಕನ್ನಡದಲ್ಲಿ ಹೆಡ್‌ಲೈನ್ ಬರೆಸಿ ಜಾಹೀರಾತು ಕೊಡುವವರು ಕಮ್ಮಿ ಇದ್ದಷ್ಟೂ ಹರಾಜು ತಣ್ಣಗಿರುತ್ತದೆ. ತಣ್ಣಗಿನ ಹರಾಜಿನಲ್ಲಿ 8 ಸೆಂಟ್‌ನವನು ಇನ್ನೂ ಸುಲಭವಾಗಿ ಗೆಲ್ಲುತ್ತಾನೆ. ಇಂಥ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪಾಲು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಇನ್ನೆರಡು ಇದೆ: ಯಾವ ಬಗೆಯ ಜಾಹೀರಾತನ್ನು ತಡೆಯುವ ಹಕ್ಕು ನನಗಿದೆ, ಮತ್ತು ಎಷ್ಟು ವರ್ಷ ನಾನು ಬೇರೆಯವರ ಜೊತೆ ಮಾತಾಡುವಂತಿಲ್ಲ.

ಔಟ್‌ಬ್ರೇನ್‌ನ ಕತೆ ಬೇರೆ ತಿರುವು ತೆಗೆದುಕೊಂಡಿತು. ವಿಡಿಯೊ ಮತ್ತು ದೊಡ್ಡ ಬ್ರ್ಯಾಂಡ್‌ಗಳ ಜಾಹೀರಾತಿಗೆ ಹೆಸರಾದ ಟೀಡ್ಸ್ ಕಂಪನಿಯನ್ನು 2025ರ ಫೆಬ್ರವರಿಯಲ್ಲಿ ಸುಮಾರು 90 ಕೋಟಿ ಡಾಲರ್ ಬೆಲೆಗೆ ಕೊಂಡುಕೊಂಡಿತು. ಕೊಂಡವನ ಹೆಸರು ಉಳಿಯುವುದು ರೂಢಿ. ಇಲ್ಲಿ ಕೊಂಡವನೇ ಹೆಸರು ಬದಲಿಸಿಕೊಂಡು ಟೀಡ್ಸ್ ಆದ. 2019ರಲ್ಲಿ ಟಬೂಲಾ ಕೈ ಹಿಡಿದಿದ್ದರೆ ಹೋಗಬೇಕಿದ್ದ ಹೆಸರು, ಐದು ವರ್ಷ ತಡವಾಗಿ, ತನ್ನ ಇಷ್ಟದಿಂದಲೇ ಹೋಯಿತು.